ಕರೆಂಟು ಹೋದರೂ ಕಾಗದ ಉಳಿಯಬೇಕು: ತೋಟದ ಪುಟ್ಟ ಕಂಪ್ಯೂಟರಿಗೆ ಯಾವ ಮೇಲ್ ಸರ್ವರ್?

ಕಕ್ಕಡ ತಿಂಗಳ ಮಳೆಯಲ್ಲಿ ರಾತ್ರಿ ಹತ್ತಕ್ಕೆ ಹೋದ ಕರೆಂಟು ಬೆಳಗಾಗುವುದರೊಳಗೆ ಬರುತ್ತದೆ ಎಂದು ಕೊಡಗಿನ ತೋಟದಲ್ಲಿ ಯಾರೂ ನಂಬಿ ಕೂರುವುದಿಲ್ಲ. ಎಲ್ಲೋ ಒಂದು ಸಿಲ್ವರ್ ಮರ ತಂತಿಯ ಮೇಲೆ ಒರಗಿರುತ್ತದೆ. ಅದನ್ನು ಕಡಿದು ತೆಗೆಯಬೇಕಾದ ಲೈನ್‌ಮನ್ ಕೂಡ ಅದೇ ಮಳೆಯಲ್ಲಿ ನೆನೆದುಕೊಂಡು ಬರಬೇಕು. ಇನ್ವರ್ಟರ್ ನಾಲ್ಕೈದು ಗಂಟೆ ಎಳೆಯುತ್ತದೆ. ಅದೂ ಮುಗಿದರೆ ಮೋಡೆಮ್ ಆರುತ್ತದೆ, ಅದರ ಜೊತೆಗೆ ಕಚೇರಿಯ ಮಾಡಿನ ಕೆಳಗೆ ಜಂತಿಗೆ ಬಿಗಿದಿಟ್ಟ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂಡ.

ನಮ್ಮ ಪೈ ಮಾಡುವ ಕೆಲಸ ಸಣ್ಣದು. ಅಂಗಳದ ಮಳೆಮಾಪಕದ ಬಟ್ಟಲು ಎಷ್ಟು ಸಲ ಮಗುಚಿತು ಎಂದು ಎಣಿಸಿ, ಬೆಳಿಗ್ಗೆ ಏಳಕ್ಕೆ ‘ನಿನ್ನೆ 4 ಇಂಚು 20 ಸೆಂಟು’ ಎಂದು ಮನೆಯವರಿಗೆಲ್ಲ ಒಂದು ಸಾಲಿನ ಇಮೇಲ್ ಕಳಿಸುತ್ತದೆ. ಪಂಪಿನ ಮೋಟಾರು ನಿಂತರೆ ಇನ್ನೊಂದು, ಗೋದಾಮಿನ ಬಾಗಿಲು ಹೊತ್ತಲ್ಲದ ಹೊತ್ತಿನಲ್ಲಿ ತೆರೆದರೆ ಮತ್ತೊಂದು. ಮೊದಲ ವರ್ಷ ಇದಕ್ಕೆ ನಾನು ಹಾಕಿದ್ದು ಅತ್ಯಂತ ಚಿಕ್ಕ ತಂತ್ರಾಂಶ. ಜುಲೈ ತಿಂಗಳಲ್ಲಿ ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದರು: “ಏನಪ್ಪಾ, ಮಳೆ ಬಿಟ್ಟಿತೇ? ಐದು ದಿನದಿಂದ ನಿನ್ನ ಕಾಗದವೇ ಇಲ್ಲ.” ಮಳೆ ಬಿಟ್ಟಿರಲಿಲ್ಲ. ಐದು ಬೆಳಗ್ಗೆಯೂ ಪೈ ಕಾಗದ ಬರೆದಿತ್ತು. ಆ ಹೊತ್ತಿಗೆ ಇಂಟರ್‌ನೆಟ್ ಇಲ್ಲದ ಕಾರಣ ಐದನ್ನೂ ಎಸೆದುಬಿಟ್ಟಿತ್ತು. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಮಾತ್ರ ಐದು ದಿನದ ಲೆಕ್ಕವೂ ಸರಿಯಾಗಿ ಕೂತಿತ್ತು.

ಹಿಂದೆ ಟಪಾಲು ತರಲು ಪೇಟೆಗೆ ಹೋದ ಆಳು, ಮರಳುವಾಗ ಹೊಳೆ ತುಂಬಿದ್ದರೆ ಚೀಲವನ್ನು ಗೊರಗದ ಕೆಳಗೆ ಅಪ್ಪಿಕೊಂಡು ಆಚೆ ದಡದಲ್ಲಿ ಕಾಯುತ್ತಿದ್ದನಂತೆ. ಚೀಲವನ್ನು ಹೊಳೆಗೆ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ಪುಟ್ಟ ಕಂಪ್ಯೂಟರಿಗೆ ಮೇಲ್ ತಂತ್ರಾಂಶ ಆರಿಸುವಾಗ ನಾನು ಈಗ ನೋಡುವುದು ಈ ಗುಣವನ್ನೇ.

ಹಗುರ ಎಂದರೆ ಏನನ್ನು ತೂಗುತ್ತೇವೆ?

ಹೆಚ್ಚಿನವರು ರ‍್ಯಾಮ್ ನೋಡಿ ಹಗುರ–ಭಾರ ನಿರ್ಧರಿಸುತ್ತಾರೆ. 2021ರಲ್ಲಿ ಬಂದ ಪೈ ಜೀರೋ 2 ಡಬ್ಲ್ಯೂನಲ್ಲಿ 512 ಎಂಬಿ ರ‍್ಯಾಮ್ ಇದೆ. ಮೇಲ್ ಕಳಿಸುವ, ಹೊರುವ ತಂತ್ರಾಂಶಗಳಲ್ಲಿ ಬಹುಪಾಲು ಅದರಲ್ಲಿ ಸುಖವಾಗಿ ಕೂರುತ್ತವೆ. ಆದ್ದರಿಂದ ರ‍್ಯಾಮ್ ಇಲ್ಲಿ ಕಡೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ: ದಾರಿ ಕಡಿದಾಗ ಕಾಗದ ಎಲ್ಲಿ ಮಲಗುತ್ತದೆ? ಕರೆಂಟು ಹೋಗಿ ಬಂದ ಮೇಲೆ ಅದು ಅಲ್ಲೇ ಇರುತ್ತದೆಯೇ? ಮೆಮೊರಿ ಕಾರ್ಡಿನ ಮೇಲೆ ಎಷ್ಟು ಸಲ ಬರೆಯುತ್ತದೆ? ತಿಂಗಳುಗಟ್ಟಲೆ ಯಾರೂ ಮುಟ್ಟದಿದ್ದರೂ ನಡೆಯುತ್ತದೆಯೇ?

ಎಸ್‌ಎಂಟಿಪಿ ಎಂಬ ಮೇಲ್ ನಿಯಮವೇ ಈ ಪ್ರಶ್ನೆಯ ಮೇಲೆ ನಿಂತಿದೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಆ ನಿಯಮದಲ್ಲಿ ಎರಡು ಯಂತ್ರಗಳು ಸರಳವಾಗಿ ಮಾತಾಡುತ್ತವೆ. ಸರ್ವರ್ 220 ಎಂದು ಬಾಗಿಲು ತೆರೆಯುತ್ತದೆ. ಬಂದವನು ತನ್ನ ಹೆಸರು, ಕಳಿಸಿದವರ ವಿಳಾಸ, ತಲುಪಬೇಕಾದ ವಿಳಾಸ ಹೇಳುತ್ತಾನೆ. ಪ್ರತಿಯೊಂದಕ್ಕೂ 250 ಎಂಬ ಉತ್ತರ. ಆಮೇಲೆ ‘ಡೇಟಾ’ ಎನ್ನುತ್ತಾನೆ, ಸರ್ವರ್ 354 ಎನ್ನುತ್ತದೆ, ಕಾಗದದ ಸಾಲುಗಳು ಹರಿಯುತ್ತವೆ. ಕೊನೆಗೆ ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕಿ. ಆ ಚುಕ್ಕಿಗೆ ಸರ್ವರ್ ಇನ್ನೊಮ್ಮೆ 250 ಎಂದಿತೆಂದರೆ ಅಲ್ಲಿಂದ ಮುಂದೆ ಆ ಕಾಗದದ ಹೊಣೆ ಅದರದ್ದು. ತಲುಪಿಸಬೇಕು, ಇಲ್ಲವೇ ತಲುಪಲಿಲ್ಲ ಎಂದು ಕಳಿಸಿದವರಿಗೆ ತಿಳಿಸಬೇಕು. 2008ರ ಪರಿಷ್ಕೃತ ನಿಯಮ ಇನ್ನೂ ಒಂದು ಮಾತು ಹೇಳುತ್ತದೆ: ದಾರಿ ಸಿಗದಿದ್ದರೆ ಕನಿಷ್ಠ 4–5 ದಿನವಾದರೂ ಬಿಡದೆ ಪ್ರಯತ್ನಿಸಬೇಕು.

ಸರದಿ ಇಲ್ಲದವು, ಸರದಿ ಇರುವವು

ಎಂಎಸ್‌ಎಂಟಿಪಿ ತುಂಬ ಅಚ್ಚುಕಟ್ಟಾದ ತಂತ್ರಾಂಶ. ಕಾಗದ ಕೊಟ್ಟ ಕ್ಷಣವೇ ದೊಡ್ಡ ಸರ್ವರಿಗೆ ಒಪ್ಪಿಸುತ್ತದೆ. ಆಗದಿದ್ದರೆ ತಪ್ಪಾಯಿತೆಂದು ಹೇಳಿ ಹೊರಬೀಳುತ್ತದೆ. ತಲುಪದ ಕಾಗದಗಳನ್ನು ಕಾಯ್ದಿಟ್ಟು ಮತ್ತೆ ಕಳಿಸುವ ಸರದಿ (ಕ್ಯೂ) ಅದಕ್ಕೆ ತನ್ನದೇ ಆಗಿ ಇಲ್ಲ. ಕಳಿಸುವ ನಿಮ್ಮ ಪ್ರೋಗ್ರಾಂ ಆ ತಪ್ಪನ್ನು ಓದಿಕೊಂಡು ಮತ್ತೆ ಪ್ರಯತ್ನಿಸುವಷ್ಟು ಜಾಣವಾಗಿದ್ದರೆ ಇದಕ್ಕಿಂತ ಚೆನ್ನಾದದ್ದು ಬೇಡ. ಎಸ್‌ಎಸ್‌ಎಂಟಿಪಿ ಎಂಬುದನ್ನು ಹಳೆಯ ಲೇಖನಗಳು ಇನ್ನೂ ಹೊಗಳುತ್ತವೆ. ಅದನ್ನು ನೋಡಿಕೊಳ್ಳುವವರು ಈಗ ಇಲ್ಲ, ಹೊಸದಾಗಿ ಹಾಕಬೇಡಿ.

ನಮ್ಮ ಊರಿನ ಪರಿಸ್ಥಿತಿಗೆ ನಿಜವಾಗಿ ಹೊಂದುವುದು ಸರದಿ ಇಟ್ಟುಕೊಳ್ಳುವ, ಆದರೆ ಹೊರಗಿನವರಿಗೆ ಬಾಗಿಲು ತೆರೆಯದ ಚಿಕ್ಕ ತಂತ್ರಾಂಶಗಳು. ಅವುಗಳಲ್ಲಿ ಎರಡನ್ನು ನಾನು ಗಟ್ಟಿಯಾಗಿ ಹೋಲಿಸಿದ್ದೇನೆ: ನಲ್‌ಮೇಲರ್ ಮತ್ತು ಡಿಎಂಎ.

ನಲ್‌ಮೇಲರ್ ಪ್ರತಿ ಕಾಗದವನ್ನೂ ಡಿಸ್ಕಿನ ಸರದಿಯಲ್ಲಿ ಒಂದು ಕಡತವಾಗಿ ಇಡುತ್ತದೆ, ಹಿನ್ನೆಲೆಯಲ್ಲಿ ಒಂದು ಪ್ರಕ್ರಿಯೆ ಸದಾ ಎಚ್ಚರವಾಗಿದ್ದು ಅದನ್ನು ದೊಡ್ಡ ಸರ್ವರಿಗೆ ತಲುಪಿಸುತ್ತದೆ. ಸಂರಚನೆ (ಕಾನ್ಫಿಗರೇಶನ್) ಎಂದರೆ ನಾಲ್ಕೈದು ಸಣ್ಣ ಕಡತಗಳು, ಒಂದೊಂದರಲ್ಲಿ ಒಂದೊಂದು ಸಾಲು. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಸೋತಾಗ ಮೊದಲು 60 ಸೆಕೆಂಡು ಕಾಯುತ್ತದೆ, ಪ್ರತಿ ಸೋಲಿಗೂ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತ ಹೋಗುತ್ತದೆ, ಅದರ ಮಿತಿ 24 ಗಂಟೆ. ಇನ್ವರ್ಟರ್ ಗಟ್ಟಿಯಾಗಿದ್ದು ಪೈ ಬದುಕಿದೆ, ಆದರೆ ಕೇಬಲ್ ಕಡಿದು ಎರಡು ದಿನವಾಗಿದೆ ಎಂದುಕೊಳ್ಳಿ. ಸಂಪರ್ಕ ಮರಳಿದ ಮೇಲೂ ಅದು ತನ್ನ ಲೆಕ್ಕದಂತೆ ಇನ್ನೂ ಅರ್ಧ ದಿನ ಸುಮ್ಮನಿರಬಹುದು. ಆ ಮಿತಿಯನ್ನು 900 ಸೆಕೆಂಡಿಗೆ ಇಳಿಸಿದರೆ ಕಾಲು ಗಂಟೆಯೊಳಗೆ ಸರದಿ ಖಾಲಿಯಾಗುತ್ತದೆ. ಒಂದೇ ಸಾಲಿನ ಬದಲಾವಣೆ, ಆದರೆ ಕೊಡಗಿನಲ್ಲಿ ಮಾಡಲೇಬೇಕಾದದ್ದು.

ಡಿಎಂಎ ಹುಟ್ಟಿದ್ದು ಡ್ರಾಗನ್‌ಫ್ಲೈ ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯವರ ಮನೆಯಲ್ಲಿ. 2023ರ ನವೆಂಬರಿನಲ್ಲಿ ಬಂದ ಫ್ರೀಬಿಎಸ್‌ಡಿ 14ರಲ್ಲಿ ಇದೇ ಸೆಂಡ್‌ಮೇಲ್ ಎಂಬ ಹಳೆಯ ಮೇಲ್ ಸರ್ವರಿನ ಜಾಗಕ್ಕೆ ಬಂತು. ಇದಕ್ಕೂ ಸರದಿ ಇದೆ. ಮೊದಲ ಮರುಪ್ರಯತ್ನ 5 ನಿಮಿಷಕ್ಕೆ, ಕಾಯುವ ಹೊತ್ತು 3 ಗಂಟೆ ಮೀರದು, 5 ದಿನಕ್ಕೆ ಕೈಚೆಲ್ಲುತ್ತದೆ. ನಲ್‌ಮೇಲರ್ ಎಲ್ಲವನ್ನೂ ಹೊರಗಿನ ಸರ್ವರಿಗೇ ಸಾಗಿಸಿದರೆ, ಡಿಎಂಎ ಅದೇ ಯಂತ್ರದ ಬಳಕೆದಾರನ ಪೆಟ್ಟಿಗೆಗೂ ಕಾಗದ ಹಾಕಬಲ್ಲದು. ಕೊರತೆ ಎಂದರೆ ಸದಾ ಎಚ್ಚರವಿರುವ ಪ್ರಕ್ರಿಯೆ ಇದಕ್ಕಿಲ್ಲ. ಕಾಗದ ಕೊಟ್ಟಾಗ ಹುಟ್ಟಿದ ಪ್ರಕ್ರಿಯೆಯೇ ಮರುಪ್ರಯತ್ನ ಮಾಡುತ್ತಿರುತ್ತದೆ. ಕರೆಂಟು ಹೋದರೆ ಅದು ಸತ್ತಂತೆ. ಕಾಗದ ಡಿಸ್ಕಿನಲ್ಲಿ ಉಳಿದಿರುತ್ತದೆ, ಆದರೆ ಎತ್ತಿಕೊಳ್ಳುವವರಿಲ್ಲ. ಹೊತ್ತಿಗೆ ಸರಿಯಾಗಿ ಆಜ್ಞೆ ನಡೆಸುವ ಕ್ರಾನ್‌ನಲ್ಲಿ ಐದೋ ಹತ್ತೋ ನಿಮಿಷಕ್ಕೊಮ್ಮೆ ಸರದಿ ತಿರುವಿ ನೋಡುವ ಆಜ್ಞೆ ಇದೆಯೇ ಎಂದು ಕಣ್ಣಾರೆ ಖಚಿತಪಡಿಸಿಕೊಳ್ಳಿ.

ಎರಡರಲ್ಲಿ ನಾನು ಆರಿಸಿಕೊಂಡದ್ದು ನಲ್‌ಮೇಲರ್. ಪೈ ಎದ್ದ ತಕ್ಷಣ ಅದೂ ತಾನಾಗಿ ಎದ್ದು ಕೆಲಸಕ್ಕೆ ಇಳಿಯುತ್ತದೆ ಎಂಬ ಒಂದೇ ಕಾರಣಕ್ಕೆ.

ಹಳೆಯ ರೂಟರಿನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಪುಟ್ಟ ಲಿನಕ್ಸ್ ಹಾಕಿ ಅದರಲ್ಲೇ ಮೇಲ್ ನಡೆಸುವ ಆಸೆ ಹಲವರಿಗಿದೆ. ಅಲ್ಲಿ ದಿನವೂ ಬದಲಾಗುವ ಕಡತಗಳನ್ನಿಡುವ ‘ವಾರ್’ ಕೋಶ ಇರುವುದೇ ರ‍್ಯಾಮಿನಲ್ಲಿ. ಸರದಿ ಅಲ್ಲಿದ್ದರೆ ಕರೆಂಟು ಹೋದ ಗಳಿಗೆ ಕಾಗದವೂ ಹೋಯಿತು. ಯುಎಸ್‌ಬಿ ಡಿಸ್ಕ್ ಜೋಡಿಸಿ ಸರದಿಯನ್ನು ಅದಕ್ಕೆ ಸಾಗಿಸದ ಹೊರತು ರೂಟರಿಗೆ ಕಾಗದ ಕಾಯುವ ಕೆಲಸ ಒಪ್ಪಿಸಬೇಡಿ.

ಇಎಸ್‌ಪಿ32ರಂತಹ ಬೆರಳುದ್ದದ ಬೋರ್ಡುಗಳ ಮಾತೇ ಬೇರೆ. ಅದರಲ್ಲಿರುವುದು 520 ಕೆಬಿ ಸ್ಮೃತಿ. ಗೂಢಲಿಪಿಯ ಟಿಎಲ್‌ಎಸ್ ಸಂಪರ್ಕದಲ್ಲಿ ಒಂದೊಂದು ಕಂತು 16 ಕೆಬಿಯವರೆಗೆ ಇರಬಹುದು, ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಬೇರೆ ಬೇರೆ ಜಾಗ ಬೇಕು. ಇಮೇಲ್ ಕಳಿಸಲು ಅದಕ್ಕೆ ಬರುತ್ತದೆ, ನಾನೂ ಕಳಿಸಿದ್ದೇನೆ. ಆದರೆ ಪಂಪ್‌ಹೌಸಿನ ಬೋರ್ಡು ತನ್ನ ಸುದ್ದಿಯನ್ನು ಮನೆಯೊಳಗಿನ ವೈಫೈನಲ್ಲಿ ಪೈಗೆ ಹೇಳಿದರೆ ಸಾಕು. ಕಾಗದ ಬರೆದು, ಕಾಪಾಡಿ, ತಲುಪಿಸುವ ಕೆಲಸ ಪೈ ನೋಡಿಕೊಳ್ಳಲಿ.

ನಿಜವಾದ ಸರ್ವರೇ ಬೇಕೆಂದರೆ

ಹೋಂಸ್ಟೇ ನಡೆಸುವವರು, ಶಾಲೆ, ಸಹಕಾರ ಸಂಘ, ಇವರಿಗೆ ಕಳಿಸುವುದಷ್ಟೇ ಸಾಲದು. ಇಂಟರ್‌ನೆಟ್ ಇಲ್ಲದಾಗಲೂ ಒಂದು ಕೋಣೆಯಿಂದ ಇನ್ನೊಂದಕ್ಕೆ, ಕಚೇರಿಯಿಂದ ಗೋದಾಮಿಗೆ ಕಾಗದ ಓಡಾಡಬೇಕು. ಆಗ ಪೋಸ್ಟ್‌ಫಿಕ್ಸ್, ಓಪನ್‌ಎಸ್‌ಎಂಟಿಪಿಡಿ, ಎಕ್ಸಿಮ್ ಈ ಮೂರರಲ್ಲಿ ಒಂದು ಬೇಕಾಗುತ್ತದೆ.

ಪೋಸ್ಟ್‌ಫಿಕ್ಸ್ ಅನ್ನು ವೀತ್ಸೆ ವೆನೆಮಾ ಐಬಿಎಂ ಸಂಶೋಧನಾಲಯದಲ್ಲಿ ಬರೆದರು, 1998ರಲ್ಲಿ ಹೊರಬಂತು. ಒಂದು ದೊಡ್ಡ ಪ್ರೋಗ್ರಾಂ ಎಲ್ಲವನ್ನೂ ಮಾಡುವ ಬದಲು ಹತ್ತಾರು ಚಿಕ್ಕ ಪ್ರಕ್ರಿಯೆಗಳು ಕೆಲಸ ಹಂಚಿಕೊಳ್ಳುತ್ತವೆ. ಬಾಗಿಲಲ್ಲಿ ನಿಂತು ಕಾಗದ ತೆಗೆದುಕೊಳ್ಳುವವನಿಗೆ ಒಳಮನೆಯ ಬೀಗದ ಕೈ ಇರುವುದಿಲ್ಲ. ನಾನು ಇದನ್ನು ಮೆಚ್ಚುವುದು ಅದರ ಸತ್ಯವಂತಿಕೆಗೆ. ಕಾಗದ ಡಿಸ್ಕಿನಲ್ಲಿ ನಿಜವಾಗಿ ಇಳಿದ ಮೇಲೆಯೇ 250 ಎನ್ನುತ್ತದೆ, ಅದಕ್ಕೆ ಮೊದಲು ಅನ್ನುವುದಿಲ್ಲ. ಸರದಿಯನ್ನು 5 ದಿನ ಕಾಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ ಸುತ್ತಿನ ಹಲವು ಊರುಗಳ ಸಂಪರ್ಕ ದಿನಗಟ್ಟಲೆ ಕಡಿದದ್ದನ್ನು ಕಂಡವನಾಗಿ ಹೇಳುತ್ತೇನೆ, ಆ 5ನ್ನು 10 ಮಾಡಿಕೊಳ್ಳಿ.

ಓಪನ್‌ಎಸ್‌ಎಂಟಿಪಿಡಿ ಓಪನ್‌ಬಿಎಸ್‌ಡಿ ಬಳಗದ್ದು. ಇದರ ಸಂರಚನೆ ಓದಿದರೆ ಅರ್ಥವಾಗುವಂತಿದೆ: ಇಲ್ಲಿಂದ ಬಂದದ್ದನ್ನು ಹೀಗೆ ಮಾಡು, ಅಲ್ಲಿಗೆ ಹೋಗುವುದನ್ನು ಹಾಗೆ ಮಾಡು ಎಂದು ಹತ್ತು ಸಾಲಿನೊಳಗೆ ಮುಗಿಯುತ್ತದೆ. ನಾಳೆ ನೀವು ಊರಿನಲ್ಲಿಲ್ಲದಾಗ ತಮ್ಮನೋ ತಂಗಿಯೋ ತೆರೆದು ನೋಡಿದರೆ ಅವರಿಗೂ ತಿಳಿಯುತ್ತದೆ. ಇದು ಸಣ್ಣ ಗುಣವಲ್ಲ. 2020ರ ಜನವರಿಯಲ್ಲಿ ಇದರಲ್ಲೊಂದು ಗಂಭೀರ ದೋಷ ಸಿಕ್ಕಿತು, ಹೊರಗಿನವರು ಕಳಿಸಿದವರ ವಿಳಾಸದ ಜಾಗದಲ್ಲೇ ಆಜ್ಞೆ ತುರುಕಿ ಯಂತ್ರವನ್ನು ವಶಮಾಡಿಕೊಳ್ಳಬಹುದಾಗಿತ್ತು. ಬೇಗನೆ ಸರಿಪಡಿಸಿದರು. ತೋಟದ ಮೂಲೆಯಲ್ಲಿ ಕೂತ ಪೈಗೂ ಪರಿಷ್ಕರಣೆ ಬೇಕೇ ಬೇಕು ಎಂಬುದಕ್ಕೆ ಇದನ್ನು ನೆನಪಿನಲ್ಲಿಡಿ.

ಎಕ್ಸಿಮ್ 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಝೆಲ್ ಬರೆದದ್ದು. ಅದರಲ್ಲಿ ಏನು ಬೇಕಾದರೂ ಮಾಡಬಹುದು. ತೋಟದ ಪೈಗೆ ಅಷ್ಟೊಂದು ಬೇಡ.

ಕಾಗದ ಓದಲು ಡವ್‌ಕಾಟ್ ಸಾಕು. ಪೆಟ್ಟಿಗೆಯ ವಿಧ ಆರಿಸುವಾಗ ಮಾತ್ರ ‘ಮೇಲ್‌ಡಿರ್’ ಎಂದೇ ಹೇಳಿ. ಹಳೆಯ ‘ಎಂಬಾಕ್ಸ್’ನಲ್ಲಿ ಎಲ್ಲ ಕಾಗದವೂ ಒಂದೇ ಉದ್ದ ಕಡತದಲ್ಲಿ ಹೆಣೆದುಕೊಂಡಿರುತ್ತದೆ, ಬರೆಯುತ್ತಿರುವಾಗ ಕರೆಂಟು ಹೋದರೆ ಆ ಕಡತವೇ ಅರ್ಧಕ್ಕೆ ನಿಲ್ಲಬಹುದು. ಮೇಲ್‌ಡಿರ್‌ನಲ್ಲಿ ಕಾಗದಕ್ಕೊಂದು ಕಡತ. ಮೊದಲು ‘ಟಿಎಂಪಿ’ ಕೋಶದಲ್ಲಿ ಪೂರ್ತಿ ಬರೆದು, ಆಮೇಲೆ ಒಂದೇ ಹೆಜ್ಜೆಯಲ್ಲಿ ‘ನ್ಯೂ’ ಕೋಶಕ್ಕೆ ಜಾರಿಸುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಅರ್ಧ ಕಾಗದ ಎಂಬುದೇ ಕಾಣಸಿಗುವುದಿಲ್ಲ.

ಎಲ್ಲವೂ ಒಂದೇ ಪೊಟ್ಟಣದಲ್ಲಿ

ಗೋ ಭಾಷೆಯಲ್ಲಿ ಬರೆದ ಮ್ಯಾಡಿ, ರಸ್ಟ್‌ನಲ್ಲಿ ಬರೆದ ಸ್ಟಾಲ್‌ವಾರ್ಟ್ ಇವು ಕಳಿಸುವುದು, ಪಡೆಯುವುದು, ಓದಿಸುವುದು, ಸಹಿ ಹಾಕುವುದು ಎಲ್ಲವನ್ನೂ ಒಂದೇ ಪ್ರೋಗ್ರಾಂನಲ್ಲಿ ಕೊಡುತ್ತವೆ. ಐದಾರು ತುಂಡುಗಳನ್ನು ಹೊಲಿಯುವ ಕಷ್ಟ ತಪ್ಪುತ್ತದೆ, ಹೊಸಬರಿಗೆ ಅದು ದೊಡ್ಡ ಸಮಾಧಾನ. ಆದರೆ ಇಲ್ಲಿ ಪೆಟ್ಟಿಗೆಯ ಲೆಕ್ಕ ಬರಿಯ ಕಡತಗಳಲ್ಲಿ ಅಲ್ಲ, ದತ್ತಸಂಚಯದೊಳಗೆ ಕೂರುತ್ತದೆ; ಸ್ಟಾಲ್‌ವಾರ್ಟ್‌ನಲ್ಲಿ ಸಾಮಾನ್ಯವಾಗಿ ಕಾಗದಗಳೂ ಅಲ್ಲೇ. ಮೆಮೊರಿ ಕಾರ್ಡ್ ಕೆಟ್ಟ ದಿನ ಮೇಲ್‌ಡಿರ್ ಆಗಿದ್ದರೆ ಉಳಿದ ಕಡತಗಳನ್ನು ಕೈಯಿಂದ ಹೆಕ್ಕಬಹುದು; ದತ್ತಸಂಚಯದಲ್ಲಿ ಅದು ಅಷ್ಟು ಸುಲಭವಲ್ಲ. ಗಟ್ಟಿಯಾದ ಎಸ್‌ಎಸ್‌ಡಿ ಇದ್ದು, ಪ್ರತಿ ರಾತ್ರಿ ನಕಲು ತೆಗೆದಿಡುವ ಶಿಸ್ತಿದ್ದರೆ ಆರಿಸಿಕೊಳ್ಳಿ.

ಮೇಲ್‌ಕೌ ಪುಟ್ಟ ಯಂತ್ರದ್ದಲ್ಲ, ಅದು ಕನಿಷ್ಠ 6 ಜಿಬಿ ರ‍್ಯಾಮ್ ಕೇಳುತ್ತದೆ. ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಒಂದೇ 1 ಜಿಬಿಗಿಂತ ಹೆಚ್ಚು ನುಂಗುತ್ತದೆ.

ನಾವೇ ಬರೆದರೆ?

ಎಂಜಿನಿಯರಿಂಗ್ ಓದುವ ಹುಡುಗರು ಇದನ್ನು ಕೇಳುತ್ತಾರೆ, ನಾನು ಬೇಡ ಎನ್ನುವುದಿಲ್ಲ. ಪೈಥಾನಿನಲ್ಲಿ ಒಂದು ಮಧ್ಯಾಹ್ನಕ್ಕೆ ಮಾತಾಡುವ ಸರ್ವರ್ ನಿಲ್ಲಿಸಬಹುದು. ಹಳೆಯ ಪಾಠಗಳಲ್ಲಿರುವ ‘ಎಸ್‌ಎಂಟಿಪಿಡಿ’ ಘಟಕವನ್ನು ಪೈಥಾನ್ 3.12ರಿಂದ ತೆಗೆದುಹಾಕಿದ್ದಾರೆ, ಈಗ ಎಐಒಎಸ್‌ಎಂಟಿಪಿಡಿ ಹಿಡಿಯಬೇಕು. ಕಷ್ಟ ಇರುವುದು ಮಾತಿನಲ್ಲಲ್ಲ, ಅಂಚುಗಳಲ್ಲಿ. ಕಾಗದದ ಸಾಲೇ ಚುಕ್ಕಿಯಿಂದ ಆರಂಭವಾದರೆ? ಕಳಿಸುವವನು ಇನ್ನೊಂದು ಚುಕ್ಕಿ ಸೇರಿಸಿರುತ್ತಾನೆ, ನೀವು ಅದನ್ನು ತೆಗೆಯಬೇಕು. ಸಾಲು ಮುಗಿಯುವ ಗುರುತು ಎರಡು ಅಕ್ಷರದ್ದು. ಒಂದನ್ನೇ ಕಂಡು ‘ಮುಗಿಯಿತು’ ಎಂದು ಒಪ್ಪಿಕೊಂಡರೆ ಒಂದು ಕಾಗದದ ಹೊಟ್ಟೆಯಲ್ಲಿ ಇನ್ನೊಂದನ್ನು ಅಡಗಿಸಿ ಸುಳ್ಳು ಹೆಸರಿನಲ್ಲಿ ದಾಟಿಸಬಹುದು. 2023ರ ಡಿಸೆಂಬರಿನಲ್ಲಿ ಈ ಲೋಪ ಬಯಲಾದಾಗ ಪೋಸ್ಟ್‌ಫಿಕ್ಸ್, ಎಕ್ಸಿಮ್, ಸೆಂಡ್‌ಮೇಲ್ ಮೂರೂ ತಿದ್ದಿಕೊಳ್ಳಬೇಕಾಯಿತು. ದಶಕಗಳಿಂದ ಜಗತ್ತೇ ಬಳಸಿದ ತಂತ್ರಾಂಶಗಳಿಗೇ ಹೀಗಾದರೆ, ನಮ್ಮ ಮುನ್ನೂರು ಸಾಲಿನದನ್ನು ಹೊರಜಗತ್ತಿಗೆ ತೆರೆಯುವುದು ತರವಲ್ಲ. ಬರೆಯಿರಿ, ಮನೆಯೊಳಗಿನ ಜಾಲಕ್ಕಷ್ಟೇ ಕಿವಿಗೊಡುವಂತೆ ಕಟ್ಟಿಹಾಕಿ, ಹೊರಗೆ ಸಾಗಿಸಲು ನಲ್‌ಮೇಲರಿನ ಸರದಿಗೆ ಒಪ್ಪಿಸಿ. ಹಾಗೆ ಮಾಡಿದರೆ ಕಲಿಕೆಯೂ ಆಯಿತು, ಕಾಗದವೂ ಕ್ಷೇಮ.

ಕನ್ನಡದಲ್ಲಿ ಕಾಗದ ಬರೆಯುವವರಿಗೆ ಒಂದು ಮಾತು. ಒಡಲು ಯುಟಿಎಫ್-8 ಎಂದು ತಲೆಸಾಲಿನಲ್ಲಿ ಹೇಳಿದರೆ ಒಳಗಿನ ಕನ್ನಡ ಸರಿಯಾಗಿ ಮೂಡುತ್ತದೆ, ಆದರೆ ವಿಷಯದ ಸಾಲನ್ನು ಮೈಮ್ ವಿಧಾನದಲ್ಲಿ ಸಂಕೇತಿಸಿಯೇ ಕಳಿಸಬೇಕು. ಇಲ್ಲದಿದ್ದರೆ ‘ಮಳೆ ಲೆಕ್ಕ’ ಎಂಬುದು ಕೆಲವರ ಪರದೆಯಲ್ಲಿ ಪ್ರಶ್ನೆಚಿಹ್ನೆಗಳ ಸಾಲಾಗುತ್ತದೆ.

ಹೊರದಾರಿ

ಯಾವುದನ್ನೇ ಆರಿಸಿದರೂ ಪೈಯಿಂದ ನೇರವಾಗಿ ಜಗತ್ತಿಗೆ ಮೇಲ್ ಹಂಚುವ ಆಸೆ ಬಿಡಿ. ಮೋಡೆಮಿನ ಪುಟ ತೆರೆದು ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಆರಂಭವಾಗುವುದಾದರೆ ಆ ವಿಳಾಸ ನಿಮ್ಮೊಬ್ಬರದ್ದಲ್ಲ, ಹಲವು ಮನೆಗಳು ಒಂದೇ ಬಾಗಿಲನ್ನು ಹಂಚಿಕೊಂಡಿವೆ. ಹೊರಗಿನಿಂದ ಯಾರೂ ನಿಮ್ಮ ಪೈಯನ್ನು ತಟ್ಟಲಾರರು. ಮನೆ ಸಂಪರ್ಕಗಳಲ್ಲಿ, ಸರ್ವರುಗಳು ತಮ್ಮೊಳಗೆ ಮೇಲ್ ದಾಟಿಸುವ 25ನೇ ಪೋರ್ಟ್ ಮುಚ್ಚಿರುವುದೂ ಉಂಟು. ತೆರೆದಿದ್ದರೂ, ವಿಳಾಸದಿಂದ ಹೆಸರು ಹುಡುಕುವ ಹಿಮ್ಮುಖ ಡಿಎನ್‌ಎಸ್ ಹೆಸರಿಲ್ಲದ ಮನೆ ವಿಳಾಸವನ್ನು ದೊಡ್ಡ ಸರ್ವರುಗಳು ನಂಬುವುದಿಲ್ಲ. ಆದ್ದರಿಂದ 587 ಅಥವಾ 465ನೇ ಪೋರ್ಟಿನಲ್ಲಿ, ಹೆಸರು–ಗುಪ್ತಪದ ಕೊಟ್ಟು, ದೊಡ್ಡ ಸರ್ವರ್ ಒಂದರ ಕೈಗೆ ಒಪ್ಪಿಸುವುದೇ ಸರಿ. ಜಿಮೇಲ್ ಮೂಲಕವಾದರೆ ಎರಡು ಹಂತದ ದೃಢೀಕರಣ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಪೈಗೆ ಕೊಡಿ. ಖಾತೆಯ ನಿಜವಾದ ಗುಪ್ತಪದವನ್ನು ಕೊಡಬೇಡಿ.

ಸ್ವಂತ ಹೆಸರಿನಲ್ಲಿ ಮೇಲ್ ಪಡೆಯಲೇಬೇಕೆಂದರೆ ಊರ ಹೊರಗೆ ಒಂದು ಬಾಡಿಗೆ ಸರ್ವರ್ ಇಟ್ಟು, ಅಲ್ಲಿಂದ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದ ಮೂಲಕ ಪೈಗೆ ತರಿಸಿಕೊಳ್ಳಿ. ತೋಟ ನಾಲ್ಕು ದಿನ ಕತ್ತಲಲ್ಲಿದ್ದರೂ ಕಾಗದ ಅಲ್ಲಿ ಕಾದಿರುತ್ತದೆ.

ಗಡಿಯಾರ ಮತ್ತು ಕಾರ್ಡು

ಯಾವ ತಂತ್ರಾಂಶದ ಕೈಪಿಡಿಯೂ ಒತ್ತಿ ಹೇಳದ ಎರಡು ಸಂಗತಿಗಳಿವೆ. ಪೈ 5ಕ್ಕಿಂತ ಹಿಂದಿನ ಪೈಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಎರಡು ದಿನದ ಕತ್ತಲಿನ ನಂತರ ಎದ್ದ ಪೈಗೆ ಇಂಟರ್‌ನೆಟ್ ಸಿಗುವ ತನಕ ಇನ್ನೂ ಮೊನ್ನೆಯೇ. ಆ ಹೊತ್ತಿನಲ್ಲಿ ಬರೆದ ಮಳೆ ಲೆಕ್ಕಕ್ಕೆ ತಪ್ಪು ದಿನಾಂಕ ಬೀಳುತ್ತದೆ, ಗಡಿಯಾರ ತುಂಬ ಹಿಂದಿದ್ದರೆ ಟಿಎಲ್‌ಎಸ್ ಪ್ರಮಾಣಪತ್ರವನ್ನೂ ತಿರಸ್ಕರಿಸುತ್ತದೆ. ಡಿಎಸ್3231 ಎಂಬ ಪುಟ್ಟ ಗಡಿಯಾರ ಘಟಕವನ್ನು ಗುಂಡಿ ಬ್ಯಾಟರಿಯ ಸಮೇತ ಜೋಡಿಸಿದರೆ ಈ ತೊಂದರೆ ಮುಗಿಯಿತು.

ಇನ್ನೊಂದು ಮೆಮೊರಿ ಕಾರ್ಡಿನದು. ಕಾರ್ಡು ಸವೆಯದಿರಲಿ ಎಂದು ‘ವಾರ್’ ಕೋಶವನ್ನು ಪೂರ್ತಿ ರ‍್ಯಾಮಿಗೆ ಸಾಗಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಿನಚರಿಯ ಕಡತಗಳಿಗೆ ಅದು ಸರಿ. ಆದರೆ ಮೇಲ್ ಸರದಿ ಇರುವುದೂ ಅದೇ ಕೋಶದ ಒಳಗೆ, ‘ಸ್ಪೂಲ್’ನಲ್ಲಿ. ‘ಲಾಗ್’ ಕೋಶವನ್ನು ಮಾತ್ರ ರ‍್ಯಾಮಿಗೆ ಹಾಕಿ, ಸ್ಪೂಲ್ ಡಿಸ್ಕಿನಲ್ಲೇ ಇರಲಿ. ದಿನಕ್ಕೆ ಹತ್ತಿಪ್ಪತ್ತು ಕಾಗದ ಬರೆದ ಮಾತ್ರಕ್ಕೆ ಕಾರ್ಡು ಸವೆಯುವುದಿಲ್ಲ.

ಹೀಗಾಗಿ ಮಳೆಮಾಪಕ, ಪಂಪು, ಬಾಗಿಲಿನ ಸುದ್ದಿಗಷ್ಟೇ ಆದರೆ ಪೈ ಜೀರೋ 2 ಡಬ್ಲ್ಯೂ ಮೇಲೆ ನಲ್‌ಮೇಲರ್. ಹೋಂಸ್ಟೇ, ಶಾಲೆಯಂತಹ ಕಡೆ ನಾಲ್ಕು ಜನ ಓದಿ ಬರೆಯುವುದಾದರೆ ಯುಎಸ್‌ಬಿ ಎಸ್‌ಎಸ್‌ಡಿ ಇರುವ ಪೈ 4, ಅದರ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್. ಸಂರಚನೆ ಕಂಡು ಭಯವಾದರೆ ಪೋಸ್ಟ್‌ಫಿಕ್ಸ್ ಬದಲು ಓಪನ್‌ಎಸ್‌ಎಂಟಿಪಿಡಿ.

ಆರಿಸಿ ಹಾಕಿದ ಮೇಲೆ ಮಳೆಗಾಲದ ತನಕ ಕಾಯದೆ ಮೇ ತಿಂಗಳಲ್ಲೇ ಒಮ್ಮೆ ಪರೀಕ್ಷಿಸಿ. ಮೋಡೆಮಿನ ತಂತಿ ಕಿತ್ತು ಮೂರು ಕಾಗದ ಕಳಿಸಿ. ಸರದಿಯಲ್ಲಿ ಮೂರೂ ಕಾಣಬೇಕು. ಈಗ ಪೈಯನ್ನು ಶಟ್‌ಡೌನ್ ಮಾಡದೆ ಅದರ ಕರೆಂಟನ್ನೇ ಎಳೆಯಿರಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪೈಗೆ ಮೊದಲು ಕರೆಂಟು ಕೊಟ್ಟು, ಅರ್ಧ ಗಂಟೆ ಬಿಟ್ಟು ಮೋಡೆಮಿನ ತಂತಿ ಹಾಕಿ, ಕೀಲಿಮಣೆ ಮುಟ್ಟದೆ ಮೊಬೈಲ್ ಹಿಡಿದು ಕೂರಿ. ಮೂರೂ ಕಾಗದ, ಬರೆದ ದಿನಾಂಕದಲ್ಲೇ, ತಾವಾಗಿ ಬಂದು ಬೀಳಬೇಕು. ಎರಡೇ ಬಂದರೆ ತಂತ್ರಾಂಶ ಬದಲಿಸಿ.